ಬರೋಲೊ, ಬಾರ್ಬರೆಸ್ಕೊ ಮತ್ತು ಅವುಗಳ ನೆರೆಯ ವೈನ್‌ಗಳು: ಲಾಂಗೆ ಗುಡ್ಡಗಳಲ್ಲಿ ಆರಿಸಿಕೊಳ್ಳುವ ಬಗೆ

ವಿದೇಶದಿಂದ ಭಾರತಕ್ಕೆ ಮರಳುವ ಪ್ರಯಾಣಿಕರೊಬ್ಬರು ಸುಂಕ ಕಟ್ಟದೆ ತರಬಹುದಾದ ಮದ್ಯದ ಪ್ರಮಾಣ 2 ಲೀಟರ್. 750 ಮಿ.ಲೀ. ಬಾಟಲಿಯ ಲೆಕ್ಕದಲ್ಲಿ ಅದು ಎರಡು ಬಾಟಲಿ. ಮೂರನೆಯದು ಮಿತಿಯನ್ನು ದಾಟುತ್ತದೆ. ಇಟಲಿಯ ವಾಯವ್ಯದಲ್ಲಿರುವ ಪಿಯೆಮೊಂಟೆ ಪ್ರಾಂತ್ಯಕ್ಕೆ, ಅದರಲ್ಲೂ ಆಲ್ಬಾ ಪಟ್ಟಣದ ಸುತ್ತಲಿನ ಲಾಂಗೆ ಗುಡ್ಡಗಳಿಗೆ ಹೋಗಿಬರುವ ಪರಿಚಿತರು ನನ್ನನ್ನು ಕೇಳುವುದೂ ಈ ಎರಡು ಬಾಟಲಿಗಳ ವಿಷಯವನ್ನೇ. ಹೆಚ್ಚಿನವರು ಹೆಸರು ಕೇಳಿರುವುದು ಅಲ್ಲಿನ ಕೆಂಪು ವೈನಾದ ಬರೋಲೊ ಒಂದನ್ನೇ ಆದ್ದರಿಂದ ಎರಡೂ ಬಾಟಲಿ ಅದೇ ಆಗಿರುತ್ತದೆ. ಮನೆಗೆ ಬಂದ ವಾರದೊಳಗೆ ಬಿರಡೆ ತೆಗೆದು, ಬಾಯೆಲ್ಲಾ ಒಗರಾಯಿತೆಂದು ಬೇಸರಪಡುವುದೂ ನಡೆಯುತ್ತದೆ. ಟುರಿನ್‌ನಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ಬಹಳಷ್ಟು ವಾರಾಂತ್ಯಗಳನ್ನು ಈ ಗುಡ್ಡಗಳಲ್ಲಿ ಕಳೆದ ನನಗೆ ಮನವರಿಕೆಯಾದದ್ದು ಒಂದೇ: ಇಲ್ಲಿ ವೈನ್ ಕೊಳ್ಳುವವರು ಬೆಲೆಗೂ ಹೆಸರಿಗೂ ಮೊದಲು, ತಾವು ಎಷ್ಟು ಕಾಲ ಕಾಯಲು ಸಿದ್ಧರಿದ್ದೇವೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಮುಂದಿನ ಹೋಲಿಕೆಗಳೆಲ್ಲವೂ ಆ ಪ್ರಶ್ನೆಯ ಸುತ್ತಲೇ ಇವೆ.

ಒಂದೇ ಬಳ್ಳಿ, ಹಲವು ಮಗ್ಗುಲು

ಆಲ್ಬಾ ಪಟ್ಟಣವು ತನಾರೊ ನದಿಯ ದಂಡೆಯಲ್ಲಿದೆ. ನದಿಯ ಬಲದಂಡೆಯ ಗುಡ್ಡಸಾಲುಗಳು ಲಾಂಗೆ, ಎಡದಂಡೆಯವು ರೊಎರೊ. ಪಟ್ಟಣದ ನೈರುತ್ಯಕ್ಕೆ ಬರೋಲೊ ಸೀಮೆಯೂ ಈಶಾನ್ಯಕ್ಕೆ ಬಾರ್ಬರೆಸ್ಕೊ ಸೀಮೆಯೂ ಇವೆ. ಇನ್ನೂ ಪೂರ್ವಕ್ಕೆ ಸರಿದರೆ ಆಸ್ಟಿ, ಕನೆಲ್ಲಿ, ನಿತ್ಸಾ ಪಟ್ಟಣಗಳು ಮತ್ತು ಮೊನ್‌ಫೆರ್ರಾತೊ ಗುಡ್ಡಗಳು ಸಿಗುತ್ತವೆ. ಈ ಇಡೀ ದ್ರಾಕ್ಷಿ ನಾಡಿನ ಆರು ಭಾಗಗಳನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಭೂದೃಶ್ಯವನ್ನು ಓದಲು ಕಲಿತರೆ ಅರ್ಧ ಆಯ್ಕೆ ಮುಗಿದಂತೆ. ಊರುಗಳು ಗುಡ್ಡದ ನೆತ್ತಿಯ ಮೇಲೆ, ಒಂದು ಕೋಟೆಯನ್ನೋ ಗೋಪುರವನ್ನೋ ಸುತ್ತುವರಿದು ನಿಂತಿವೆ; ಅವುಗಳ ಕೆಳಗೆ ಇಳಿಜಾರಿನುದ್ದಕ್ಕೂ ಬಾಚಣಿಗೆ ಹಲ್ಲಿನಂತೆ ಬಳ್ಳಿಯ ಸಾಲುಗಳಿವೆ. ಬಿಸಿಲು ಚೆನ್ನಾಗಿ ಬೀಳುವ ದಕ್ಷಿಣ ಮುಖದ ಇಳಿಜಾರುಗಳು ಹೆಚ್ಚಾಗಿ ನೆಬ್ಬಿಯೋಲೊ ಎಂಬ ಒಂದೇ ದ್ರಾಕ್ಷಿಗೆ ಮೀಸಲು. ಅದಕ್ಕಿಂತ ಕಡಿಮೆ ಬಿಸಿಲಿನ ಮಗ್ಗುಲುಗಳು ಬಾರ್ಬೆರಾ ತಳಿಗೆ, ಇನ್ನೂ ತಂಪಾದ ಎತ್ತರದ ಜಾಗಗಳು ಡೊಲ್ಚೆತ್ತೊ ತಳಿಗೆ ಸಲ್ಲುತ್ತವೆ. ದ್ರಾಕ್ಷಿ ಮಾಗದ ಉತ್ತರ ಮುಖಗಳಲ್ಲಿ ಹೇಸಲ್‌ನಟ್ ಮರಗಳೂ ಕಾಡೂ ಉಳಿದಿವೆ. ಚಳಿಗಾಲದ ಒಂದು ಮುಂಜಾನೆ ಬಾರ್ಬರೆಸ್ಕೊದ ಬೆಳೆಗಾರರೊಬ್ಬರು ನನ್ನನ್ನು ಅಂಗಳದ ಅಂಚಿಗೆ ಕರೆದೊಯ್ದು, ಎದುರಿನ ಗುಡ್ಡದಲ್ಲಿ ಸುತ್ತಲೂ ಬಿಳಿ ಹಿಮವಿದ್ದರೂ ನಡುವೆ ಒಂದು ತುಂಡು ನೆಲ ಮಾತ್ರ ಕಪ್ಪಾಗಿ ಒದ್ದೆಯಾಗಿ ಕಾಣುತ್ತಿದ್ದುದನ್ನು ತೋರಿಸಿದರು. ಹಿಮ ಮೊದಲು ಕರಗುವ ಅಂಥ ಜಾಗಕ್ಕೆ ಸ್ಥಳೀಯ ಭಾಷೆಯಲ್ಲಿ "ಸೊರಿ" ಎನ್ನುತ್ತಾರೆ. ಬಾಟಲಿಯ ಚೀಟಿಯ ಮೇಲೆ ಆ ಪದವಿದ್ದರೆ ದಕ್ಷಿಣಕ್ಕೆ ಮುಖಮಾಡಿದ ಬಿಸಿಲಿನ ಇಳಿಜಾರೆಂದೂ, "ಬ್ರಿಕ್ಕೊ" ಎಂದಿದ್ದರೆ ಗುಡ್ಡದ ನೆತ್ತಿಯೆಂದೂ ತಿಳಿಯಬೇಕು.

ನೆಬ್ಬಿಯೋಲೊ ಸುಲಭದ ಬೆಳೆಯಲ್ಲ. ವಸಂತದಲ್ಲಿ ಎಲ್ಲಕ್ಕಿಂತ ಮೊದಲು ಚಿಗುರಿ, ಎಲ್ಲಕ್ಕಿಂತ ಕೊನೆಗೆ, ಅಕ್ಟೋಬರಿನಲ್ಲಿ ಕಣಿವೆಗಳಿಗೆ ಮಂಜು ಇಳಿದ ಮೇಲೆ ಮಾಗುತ್ತದೆ. ಇಟಾಲಿಯನ್ನಿನಲ್ಲಿ ಮಂಜಿಗಿರುವ "ನೆಬ್ಬಿಯಾ" ಎಂಬ ಪದದಿಂದಲೇ ಅದಕ್ಕೆ ಹೆಸರು ಬಂದಿತೆಂಬ ನಂಬಿಕೆ ವ್ಯಾಪಕವಾಗಿದೆ. ಚಿಗುರಿಗೆ ವಸಂತದ ಇಬ್ಬನಿ ಹೆಪ್ಪುಗಟ್ಟುವ ಚಳಿಯ ಭಯ, ಹಣ್ಣಿಗೆ ಆಲಿಕಲ್ಲಿನ ಭಯ, ಗೊಂಚಲಿಗೆ ಕೊನೆಯ ಮಳೆಯ ಭಯ ಇದ್ದೇ ಇರುತ್ತದೆ. ಇದರ ವೈನಿನ ಬಣ್ಣ ತೆಳು. ಲೋಟವನ್ನು ಬಿಳಿ ಹಾಳೆಯ ಮೇಲೆ ಓರೆಯಾಗಿ ಹಿಡಿದರೆ ಅಂಚಿನಲ್ಲಿ ಹೆಂಚಿನ ಕೆಂಪು ಕಾಣಿಸಿಕೊಳ್ಳುತ್ತದೆ, ಆಚೆಗೆ ಹಾಳೆಯ ಮೇಲಿನ ಅಕ್ಷರಗಳನ್ನೂ ಓದಬಹುದು. ಇಷ್ಟು ತೆಳುವಾದ ಬಣ್ಣವನ್ನು ಕಂಡು ಹಗುರವಾದ ವೈನೆಂದು ಭಾವಿಸಿದವರು ಮೊದಲ ಗುಟುಕಿಗೇ ಬೆಚ್ಚಿಬೀಳುತ್ತಾರೆ. ಸಿಪ್ಪೆ ಮತ್ತು ಬೀಜದಿಂದ ಇಳಿಯುವ ಟ್ಯಾನಿನ್ ಎಂಬ ಅಂಶ ಇದರಲ್ಲಿ ಹೇರಳವಾಗಿದೆ. ಟ್ಯಾನಿನ್ ಕೊಡುವ ಅನುಭವವನ್ನು ವಿವರಿಸಲು ಹಲವು ಭಾಷೆಗಳವರು ಸಾಲುಗಟ್ಟಲೆ ಬರೆಯುತ್ತಾರೆ. ಕನ್ನಡದಲ್ಲಿ ಒಗರು ಎಂದರೆ ಸಾಕು. ಎಳೆಯ ಅಡಿಕೆ, ಬಾಳೆಕಾಯಿ, ನೆಲ್ಲಿಕಾಯಿಗಳನ್ನು ಅಗಿದು ಬೆಳೆದವರಿಗೆ ಅದು ಹೊಸದಲ್ಲ. ವರ್ಷಗಳು ಕಳೆದಂತೆ ಬಾಟಲಿಯೊಳಗೆ ಈ ಒಗರು ಮೆತ್ತಗಾಗುತ್ತದೆ, ಒಣಗುಲಾಬಿಯ ಮತ್ತು ಡಾಂಬರಿನ ವಾಸನೆಗಳು ಒಂದಾಗಿ ಮೇಲೇಳುತ್ತವೆ. ಡಾಂಬರೆಂದು ಕೇಳಿ ಹಿಂಜರಿಯಬೇಕಾಗಿಲ್ಲ. ಬಿಸಿಲಿಗೆ ಕಾದ ಹೊಸ ರಸ್ತೆಯ ಮೇಲೆ ಮೊದಲ ಹನಿ ಬಿದ್ದಾಗ ಬರುವ ವಾಸನೆಯ ಒಂದೆಳೆಯಷ್ಟೇ ಅದು.

ಬರೋಲೊವೋ ಬಾರ್ಬರೆಸ್ಕೊವೋ

ಎರಡೂ ನೂರಕ್ಕೆ ನೂರು ನೆಬ್ಬಿಯೋಲೊ. ಎರಡಕ್ಕೂ 1966ರಲ್ಲಿ, ವೈನಿನ ಸೀಮೆಯನ್ನೂ ತಯಾರಿಕೆಯ ನಿಯಮಗಳನ್ನೂ ಕಾನೂನಿನಿಂದ ಗೊತ್ತುಪಡಿಸುವ ಡಿಒಸಿ ಮಾನ್ಯತೆ, 1980ರಲ್ಲಿ ಅದಕ್ಕಿಂತ ಮೇಲಿನ ಡಿಒಸಿಜಿ ಮಾನ್ಯತೆ ದೊರೆಯಿತು. ಎರಡರ ನಡುವೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಹಾಗಿದ್ದೂ ಅವುಗಳ ಸ್ವಭಾವ ಬೇರೆ, ಅದಕ್ಕೆ ಕಾರಣಗಳೂ ಕಣ್ಣಿಗೆ ಕಾಣುವಂಥವು.

ಬಾರ್ಬರೆಸ್ಕೊದ ಗೋಪುರದ ಮೇಲೆ ನಿಂತರೆ ಬುಡದಲ್ಲೇ ತನಾರೊ ಹರಿಯುವುದು ಕಾಣುತ್ತದೆ. ನದಿಯ ಸಾಮೀಪ್ಯದಿಂದಾಗಿ ಇಲ್ಲಿನ ಹವೆ ತುಸು ಬೆಚ್ಚಗಿದ್ದು ಹಣ್ಣು ಬರೋಲೊಗಿಂತ ಕೆಲವು ದಿನ ಮೊದಲೇ ಮಾಗುತ್ತದೆ, ಒಗರೂ ಒಂದು ಕೈ ಕಡಿಮೆ ಇರುತ್ತದೆ. ಕಾನೂನು ಕೂಡ ಈ ಭೇದವನ್ನು ಗುರುತಿಸಿದೆ. ಕೊಯ್ಲಿನ ವರ್ಷದ ನವೆಂಬರ್ 1ರಿಂದ ಲೆಕ್ಕ ಹಾಕಿ ಬರೋಲೊ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಬಾರ್ಬರೆಸ್ಕೊಗೆ 26 ತಿಂಗಳು, ಮರದಲ್ಲಿ 9 ತಿಂಗಳು ಸಾಕು. "ರಿಸೆರ್ವಾ" ಎಂದು ಬರೆಯಬೇಕಾದರೆ ಬರೋಲೊಗೆ 62 ತಿಂಗಳು, ಬಾರ್ಬರೆಸ್ಕೊಗೆ 50 ತಿಂಗಳು. ಆದ್ದರಿಂದ 2022ರ ಬರೋಲೊ ಮತ್ತು 2023ರ ಬಾರ್ಬರೆಸ್ಕೊ ಒಂದೇ ದಿನ, 2026ರ ಜನವರಿ 1ರಂದು, ಮಾರಾಟಕ್ಕೆ ಅರ್ಹವಾಗುತ್ತವೆ. ಆದರೆ ಇದು ಮಾರಾಟಕ್ಕೆ ಬೇಕಾದ ಕನಿಷ್ಠ ಕಾಲವಷ್ಟೇ. ನನ್ನ ಅನುಭವದಲ್ಲಿ ಒಳ್ಳೆಯ ವರ್ಷದ ಬಾರ್ಬರೆಸ್ಕೊ ಕೊಯ್ಲಿನಿಂದ ಏಳೆಂಟು ವರ್ಷಕ್ಕೆ ತೆರೆದುಕೊಳ್ಳುತ್ತದೆ, ಬರೋಲೊಗೆ ಹತ್ತು ವರ್ಷ ಕೊಟ್ಟರೂ ಕೆಲವೊಮ್ಮೆ ಸಾಲದು.

ಬಾರ್ಬರೆಸ್ಕೊ ಹೆಸರಿನ ಹಿಂದೆ ಒಂದು ಸಹಕಾರದ ಕಥೆ ಇದೆ, ಅದು ಕೊಳ್ಳುವವರಿಗೂ ಉಪಯುಕ್ತ. ಆಲ್ಬಾದ ವೈನ್ ಶಾಲೆಯ ಮುಖ್ಯಸ್ಥರಾಗಿದ್ದ ದೊಮಿತ್ಸಿಯೊ ಕವಾತ್ಸಾ ಅವರು 1894ರಲ್ಲಿ ಊರಿನ ಬೆಳೆಗಾರರನ್ನು ಸೇರಿಸಿ ಒಂದು ಸಹಕಾರಿ ವೈನ್ ಮನೆ ಕಟ್ಟಿದರು. ಅದುವರೆಗೆ ಇಲ್ಲಿನ ಹಣ್ಣು ಬಹುಪಾಲು ಬೇರೆ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಫ್ಯಾಸಿಸ್ಟ್ ಆಡಳಿತದ ಕಾಲದಲ್ಲಿ ಅದು ಮುಚ್ಚಿಹೋಯಿತು. 1958ರಲ್ಲಿ ಊರಿನ ಪಾದ್ರಿ ದಾನ್ ಫಿಯೊರೀನೊ ಮಾರೆಂಗೊ ಅವರು, ಸಣ್ಣ ಹಿಡುವಳಿಯವರು ಬದುಕಬೇಕಾದರೆ ಒಟ್ಟಾಗಲೇಬೇಕೆಂದು 19 ಬೆಳೆಗಾರರನ್ನು ಕೂಡಿಸಿ ಮತ್ತೆ ಸಂಘ ಕಟ್ಟಿದರು; ಮೊದಲ ವೈನ್‌ಗಳನ್ನು ಚರ್ಚಿನ ನೆಲಮಾಳಿಗೆಯಲ್ಲೇ ತಯಾರಿಸಿದರು. ಅದೇ ಇಂದಿನ "ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ". ಉತ್ತಮ ವರ್ಷಗಳಲ್ಲಿ ಈ ಸಂಘವು ಅಸೀಲಿ, ರಬಾಯಾ, ಪೋರಾ, ಮೊಂತೆಸ್ತೆಫಾನೊ, ಒವೆಲ್ಲೊ ಮೊದಲಾದ ಒಂಬತ್ತು ತೋಟಗಳ ಹಣ್ಣನ್ನು ಬೇರೆ ಬೇರೆಯಾಗಿ, ಒಂದೇ ವಿಧಾನದಲ್ಲಿ ತಯಾರಿಸಿ ಬಾಟಲಿಗೆ ತುಂಬುತ್ತದೆ. ಮಾಡುವ ಕೈ ಒಂದೇ, ತಳಿ ಒಂದೇ, ವರ್ಷ ಒಂದೇ. ಬದಲಾಗುವುದು ನೆಲ ಮಾತ್ರ. ಅಸೀಲಿಯ ನಯವನ್ನೂ ಮೊಂತೆಸ್ತೆಫಾನೊದ ಗಡಸನ್ನೂ ಅಕ್ಕಪಕ್ಕದ ಲೋಟಗಳಲ್ಲಿ ಸವಿದಾಗ, ನೆಲದ ರುಚಿ ಎಂಬ ಮಾತನ್ನು ನಾನು ಮೊದಲ ಬಾರಿಗೆ ಮನಸಾರೆ ನಂಬಿದೆ.

ಮೊದಲ ಬಾರಿಗೆ ನೆಬ್ಬಿಯೋಲೊ ಕೊಳ್ಳುವವರಿಗೆ, ಎರಡು ಮೂರು ವರ್ಷದೊಳಗೆ ಬಾಟಲಿ ತೆರೆಯುವ ಉದ್ದೇಶವಿದ್ದರೆ, ನನ್ನ ಸಲಹೆ ಬಾರ್ಬರೆಸ್ಕೊ. ಮಗುವಿನ ಹುಟ್ಟಿದ ವರ್ಷದ ಬಾಟಲಿಯನ್ನು ಇಟ್ಟು ಅದರ ಮದುವೆಗೆ ತೆರೆಯಬೇಕೆಂಬ ಆಸೆಯಿರುವವರು ಬರೋಲೊಗೇ ಹೋಗಬೇಕು.

ಬರೋಲೊದೊಳಗೇ ಆರಿಸುವುದು

ಬರೋಲೊ ಹೆಸರನ್ನು ಹನ್ನೊಂದು ಊರುಗಳು ಹಂಚಿಕೊಂಡಿವೆ. ಬರೋಲೊ, ಕಸ್ತಿಲ್ಯೋನೆ ಫಲ್ಲೆತ್ತೊ ಮತ್ತು ಸೆರ್ರಾಲುಂಗಾ ದಾಲ್ಬಾ ಪೂರ್ತಿಯಾಗಿ, ಲಾ ಮೊರ್ರಾ, ಮೊನ್‌ಫೋರ್ತೆ, ವೆರ್ದೂನೊ, ನೊವೆಲ್ಲೊ ಮೊದಲಾದವು ಭಾಗಶಃ ಇದರೊಳಗಿವೆ. ಇವುಗಳಲ್ಲಿ ಲಾ ಮೊರ್ರಾ ಮತ್ತು ಸೆರ್ರಾಲುಂಗಾ ಎರಡನ್ನು ಎದುರುಬದುರು ಇಟ್ಟು ನೋಡಿದರೆ ಉಳಿದವುಗಳ ಸ್ಥಾನ ತಾನಾಗಿ ತಿಳಿಯುತ್ತದೆ.

ಪಶ್ಚಿಮದ ಲಾ ಮೊರ್ರಾ ಮತ್ತು ಬರೋಲೊ ಊರಿನ ಹೆಚ್ಚಿನ ಭಾಗದ ಮಣ್ಣು ಭೂವಿಜ್ಞಾನಿಗಳು ಟೋರ್ಟೋನಿಯನ್ ಎಂದು ಕರೆಯುವ ಕಾಲದ್ದು: ನೀಲಿ ಛಾಯೆಯ ಬೂದು ಬಣ್ಣದ ಸುಣ್ಣಮಿಶ್ರಿತ ಜೇಡಿ. ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಮಳೆ ಬಂದ ಮರುದಿನ ನಡೆದರೆ ಬೂಟಿನ ಅಡಿಗೆ ಇನ್ನೊಂದು ಅಟ್ಟೆಯಂತೆ ಅಂಟಿಕೊಳ್ಳುತ್ತದೆ. ಇಲ್ಲಿನ ವೈನ್ ಬೇಗ ಪರಿಮಳ ಬಿಡುತ್ತದೆ, ಮೆದುವಾಗಿರುತ್ತದೆ. ಪೂರ್ವದ ಸೆರ್ರಾಲುಂಗಾ ಮತ್ತು ಮೊನ್‌ಫೋರ್ತೆಯ ಬಹುಭಾಗದ ನೆಲ ಅದಕ್ಕಿಂತ ಹಳೆಯದು, ಸುಣ್ಣ ಹೆಚ್ಚು, ಜೇಡಿಯ ನಡುನಡುವೆ ಗಟ್ಟಿ ಮರಳುಗಲ್ಲಿನ ಪದರಗಳಿವೆ. ಬಳ್ಳಿ ಅಲ್ಲಿ ಕಷ್ಟಪಟ್ಟು ಬೇರಿಳಿಸುತ್ತದೆ. ವೈನ್ ಬಿಗಿಯಾಗಿ, ಮುಷ್ಟಿ ಕಟ್ಟಿದಂತೆ ಬಹಳ ವರ್ಷ ಉಳಿಯುತ್ತದೆ. ಕಸ್ತಿಲ್ಯೋನೆ ಫಲ್ಲೆತ್ತೊ ನಕ್ಷೆಯಲ್ಲಿ ಎರಡರ ನಡುವೆ ಇದೆ, ಅದರ ವೈನಿನ ಗುಣವೂ ನಡುವಿನದು. ಬರೋಲೊ ಊರಿನ ಕನ್ನುಬಿ ಎಂಬ ಉದ್ದನೆಯ ದಿಬ್ಬದಲ್ಲಿ ಎರಡೂ ಬಗೆಯ ಮಣ್ಣು ಸಂಧಿಸುತ್ತವೆ. ಆ ಹೆಸರು ಬಹಳ ಹಳೆಯದು. 1752 ಎಂದು ಬರೆದ ಕನ್ನುಬಿಯ ಬಾಟಲಿಯೊಂದು ಈಗಲೂ ಉಳಿದಿದೆ, ಬರೋಲೊ ಎಂಬ ಹೆಸರಿಗೂ ಮೊದಲೇ ಈ ದಿಬ್ಬಕ್ಕೆ ಖ್ಯಾತಿಯಿತ್ತೆಂಬುದಕ್ಕೆ ಅದು ಸಾಕ್ಷಿ. ಉತ್ತರದ ವೆರ್ದೂನೊದ ಬರೋಲೊ ಹಗುರ ಹೆಜ್ಜೆಯದು. ಅದೇ ಊರಿನಲ್ಲಿ ಪೆಲವೆರ್ಗಾ ಎಂಬ ಇನ್ನೊಂದು ಅಪರೂಪದ ದ್ರಾಕ್ಷಿಯ ವೈನೂ ಇದೆ, ಅದರಲ್ಲಿ ಕಾಳುಮೆಣಸಿನ ವಾಸನೆ ಎಷ್ಟು ಸ್ಪಷ್ಟವೆಂದರೆ ಮಲೆನಾಡಿನ ನನ್ನ ಗೆಳೆಯರೊಬ್ಬರು ಲೋಟಕ್ಕೆ ಮೂಗಿಟ್ಟೊಡನೆ ಮನೆಯ ಅಟ್ಟವನ್ನು ನೆನೆದರು.

2010ರಿಂದ ಬರೋಲೊದೊಳಗಿನ ತೋಟಗಳ ಎಲ್ಲೆಗಳನ್ನು ಅಧಿಕೃತವಾಗಿ ಗುರುತಿಸಿ 181 ಹೆಸರುಗಳನ್ನು ಪಟ್ಟಿಮಾಡಲಾಗಿದೆ. ಬಾರ್ಬರೆಸ್ಕೊದಲ್ಲಿ ಆ ಕೆಲಸ 2007ರಲ್ಲೇ ಆಯಿತು, ಅಲ್ಲಿ 66 ಹೆಸರುಗಳು. ಚೀಟಿಯ ಮೇಲೆ ತೋಟದ ಹೆಸರಿದ್ದರೆ ಬೆಲೆ ಏರುತ್ತದೆ. ಆದರೆ ಒಂದೇ ತೋಟದ ವೈನ್ ಮಾತ್ರ ಶ್ರೇಷ್ಠವೆಂದು ತಿಳಿಯುವುದು ಸರಿಯಲ್ಲ. ಹಲವು ಇಳಿಜಾರುಗಳ ಹಣ್ಣನ್ನು ಕೂಡಿಸಿ, ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬುವುದೇ ಇಲ್ಲಿನ ಹಳೆಯ ಪದ್ಧತಿ. 2005ರಲ್ಲಿ ತೀರಿಕೊಂಡ ಬಾರ್ತೊಲೊ ಮಸ್ಕರೆಲ್ಲೊ ಕೊನೆಯವರೆಗೂ ತಮ್ಮ ನಾಲ್ಕು ತೋಟಗಳನ್ನು ಕೂಡಿಸಿ ಒಂದೇ ಬರೋಲೊ ಮಾಡಿದರು, ಅವರ ಮನೆಯಲ್ಲಿ ಇಂದೂ ಅದೇ ನಡೆದುಬಂದಿದೆ.

ಪೀಪಾಯಿಯ ಜಗಳ ಮತ್ತು ಇಂದಿನ ಆಯ್ಕೆ

ಹಳೆಯ ಪುಸ್ತಕಗಳನ್ನು ಓದಿ ಬಂದವರು ಸಾಂಪ್ರದಾಯಿಕವೋ ಆಧುನಿಕವೋ ಎಂದು ಮೊದಲು ಕೇಳುತ್ತಾರೆ. ಸಾಂಪ್ರದಾಯಿಕ ರೀತಿಯಲ್ಲಿ ರಸವನ್ನು ಸಿಪ್ಪೆಯೊಂದಿಗೆ ಮೂರು ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬಿಟ್ಟು, ಬಳಿಕ ಸಾವಿರಾರು ಲೀಟರ್ ಹಿಡಿಯುವ ದೊಡ್ಡ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಪೀಪಾಯಿ ದೊಡ್ಡದಾದಷ್ಟೂ ಮರದ ರುಚಿ ವೈನಿಗೆ ತಾಗುವುದು ಕಡಿಮೆ. 1980ರ ದಶಕದಲ್ಲಿ ಒಂದು ಹೊಸ ಪೀಳಿಗೆ ಫ್ರಾನ್ಸಿನ ಬರ್ಗಂಡಿಯನ್ನು ನೋಡಿ ಬಂದು, ಸಿಪ್ಪೆಯೊಂದಿಗಿನ ಕಾಲವನ್ನು ದಿನಗಳಿಗೆ ಇಳಿಸಿ, 225 ಲೀಟರಿನ ಹೊಸ ಫ್ರೆಂಚ್ ಪೀಪಾಯಿಗಳನ್ನು ತಂದಿತು. ಬೇಗ ಕುಡಿಯಲು ಬರುವ, ಗಾಢ ಬಣ್ಣದ, ವೆನಿಲಾ ಪರಿಮಳದ ಬರೋಲೊ ಹುಟ್ಟಿತು. 1983ರಲ್ಲಿ ಲಾ ಮೊರ್ರಾದ ಎಲಿಯೊ ಅಲ್ತಾರೆ ತಮ್ಮ ತಂದೆಯ ಹಳೆಯ ದೊಡ್ಡ ಪೀಪಾಯಿಗಳನ್ನು ಯಂತ್ರಗರಗಸದಿಂದ ಕೊಯ್ದುಹಾಕಿದರು. ತಂದೆ ಅವರನ್ನು ಕ್ಷಮಿಸಲಿಲ್ಲ. ಎದುರು ಬದಿಯಲ್ಲಿ ನಿಂತ ಮಸ್ಕರೆಲ್ಲೊ ಸಣ್ಣ ಪೀಪಾಯಿಯನ್ನು ಧಿಕ್ಕರಿಸುವ ಘೋಷಣೆಯನ್ನು ತಮ್ಮ ಕೈಯಿಂದಲೇ ಚೀಟಿಗಳ ಮೇಲೆ ಚಿತ್ರಿಸಿದರು.

ಈ ಜಗಳದ ಎರಡೂ ಕಡೆಯವರಿಗೆ ನಾವು ಋಣಿಗಳು. ಗೊಂಚಲುಗಳನ್ನು ಬೇಸಿಗೆಯಲ್ಲೇ ಕಡಿಮೆ ಮಾಡಿ ಉಳಿದವು ಚೆನ್ನಾಗಿ ಮಾಗುವಂತೆ ನೋಡಿಕೊಳ್ಳುವುದನ್ನೂ ನೆಲಮಾಳಿಗೆಯ ಶುಚಿಯನ್ನೂ ಹೊಸಬರು ಕಲಿಸಿದರು. ನೆಬ್ಬಿಯೋಲೊದ ಸುವಾಸನೆಯನ್ನು ಮರದ ಘಾಟು ಮುಚ್ಚಬಾರದೆಂಬುದನ್ನು ಹಳಬರು ಉಳಿಸಿಕೊಟ್ಟರು. ಈಗ ಹೆಚ್ಚಿನ ಮನೆಗಳು ನಡುದಾರಿಯಲ್ಲಿವೆ. ಆದರೂ ಭೇಟಿಕೊಟ್ಟಲ್ಲಿ ಎರಡು ಪ್ರಶ್ನೆ ಕೇಳಿ: ಸಿಪ್ಪೆಯೊಂದಿಗೆ ಎಷ್ಟು ದಿನ, ಪೀಪಾಯಿ ಎಷ್ಟು ದೊಡ್ಡದು. ನನ್ನ ಒಲವು ದೊಡ್ಡ ಪೀಪಾಯಿಯ ಕಡೆಗೇ ಇದೆ. ಹೊಸ ಓಕಿನ ವೆನಿಲಾ ಘಾಟು ಜಗತ್ತಿನ ಯಾವ ವೈನಿಗಾದರೂ ಬರಬಹುದು, ಒಣಗುಲಾಬಿಯ ಆ ವಾಸನೆ ಹಾಗಲ್ಲ.

ವರ್ಷದ ಬಗ್ಗೆ ಒಂದು ಮಾತು. 2010 ಮತ್ತು 2016 ನಿಧಾನವಾಗಿ ಮಾಗಿದ, ದೀರ್ಘಕಾಲ ಬಾಳುವ ವರ್ಷಗಳು. 2017ರಲ್ಲಿ ಬಿಸಿ ಮತ್ತು ಬರ, 2002ರಲ್ಲಿ ಮಳೆ ಮತ್ತು ಆಲಿಕಲ್ಲು ಕಾಡಿದವು. 2018 ಹಗುರವಾದ ವರ್ಷ. ಪಂಡಿತರು ಅದಕ್ಕೆ ಅಂಕ ಕಡಿಮೆ ಕೊಟ್ಟರೂ, ಕಾಯಲು ವ್ಯವಧಾನವಿಲ್ಲದವರಿಗೆ ಅದೇ ಅನುಕೂಲ.

ಹೆಸರು ಚಿಕ್ಕದು, ರುಚಿ ಚಿಕ್ಕದಲ್ಲ

ಒಳ್ಳೆಯ ಬರೋಲೊ ಬೆಳೆಗಾರರು ತಮ್ಮ ಎಳೆಯ ಬಳ್ಳಿಗಳ ಹಣ್ಣನ್ನೋ ಅಂಚಿನ ಇಳಿಜಾರುಗಳ ಹಣ್ಣನ್ನೋ "ಲಾಂಗೆ ನೆಬ್ಬಿಯೋಲೊ" ಎಂಬ ಹೆಸರಿನಲ್ಲಿ ಬೇಗನೆ ಬಾಟಲಿಗೆ ತುಂಬುತ್ತಾರೆ. ಬೆಲೆ ಸಾಮಾನ್ಯವಾಗಿ ಅವರದೇ ಬರೋಲೊದ ಅರ್ಧದ ಆಸುಪಾಸು ಅಥವಾ ಅದಕ್ಕೂ ಕಡಿಮೆ. ನಿಯಮದ ಪ್ರಕಾರ ಇದರಲ್ಲಿ ಕನಿಷ್ಠ ಶೇ. 85 ನೆಬ್ಬಿಯೋಲೊ ಇರಬೇಕು. ಹೆಸರಿಲ್ಲದ ಕಂಪನಿಯ ಅಗ್ಗದ ಬರೋಲೊ ಮತ್ತು ಹೆಸರಾಂತ ಬೆಳೆಗಾರರ ಲಾಂಗೆ ನೆಬ್ಬಿಯೋಲೊ ಒಂದೇ ಬೆಲೆಗೆ ಪಕ್ಕಪಕ್ಕ ನಿಂತಿದ್ದರೆ ಎರಡನೆಯದನ್ನೇ ತೆಗೆದುಕೊಳ್ಳಿ; ಈ ಇಡೀ ಬರಹದಲ್ಲಿ ನಾನು ಅತ್ಯಂತ ದೃಢವಾಗಿ ಹೇಳುವ ಮಾತು ಇದು.

ನದಿಯಾಚೆಯ ರೊಎರೊ ಇನ್ನೊಂದು ದಾರಿ. ಬಹಳ ಹಿಂದೆ ತನಾರೊ ತನ್ನ ಪಾತ್ರವನ್ನು ಬದಲಿಸಿದ್ದರಿಂದ ಇಲ್ಲಿನ ಮೆದು ನೆಲ ಕೊರೆದುಹೋಗಿ, "ರೊಕ್ಕೆ" ಎಂಬ ಕಡಿದಾದ ಮರಳಿನ ಕಮರಿಗಳು ಉಂಟಾಗಿವೆ. ದ್ರಾಕ್ಷಿ ತೋಟ ಮುಗಿದ ಹೆಜ್ಜೆಯಲ್ಲೇ ಕಾಡು ತುಂಬಿದ ಪ್ರಪಾತ ತೆರೆದುಕೊಳ್ಳುತ್ತದೆ. ಮರಳು ನೆಲದ ನೆಬ್ಬಿಯೋಲೊ ಹೆಚ್ಚು ಪರಿಮಳದ್ದು, ಕಡಿಮೆ ಒಗರಿನದು, ಬೇಗ ಕುಡಿಯುವಂಥದು. 2004ರಲ್ಲಿ ಡಿಒಸಿಜಿ ಪಡೆದ ರೊಎರೊ ಹೆಸರಿನಲ್ಲಿ ಕೆಂಪಿನ ಜೊತೆಗೆ ಆರ್ನೆಯಿಸ್ ಎಂಬ ಬಿಳಿ ದ್ರಾಕ್ಷಿಯ ವೈನೂ ಇದೆ. ಒಂದು ಕಾಲಕ್ಕೆ ಅಳಿವಿನಂಚಿಗೆ ಬಂದಿದ್ದ ಈ ತಳಿ ಪೇರಳೆ ಮತ್ತು ಹಸಿ ಬಾದಾಮಿಯನ್ನು ನೆನಪಿಸುತ್ತದೆ.

ದಿನದ ಊಟದ ವೈನ್‌ಗಳು: ಬಾರ್ಬೆರಾ ಮತ್ತು ಡೊಲ್ಚೆತ್ತೊ

ಲಾಂಗೆಯ ಜನ ತಮ್ಮ ಮನೆಯ ಮೇಜಿನ ಮೇಲೆ ದಿನವೂ ಇಡುವುದು ಈ ಎರಡನ್ನು. ಬಾರ್ಬೆರಾ ನೆಬ್ಬಿಯೋಲೊಗೆ ತದ್ವಿರುದ್ಧ: ಬಣ್ಣ ಗಾಢ, ಒಗರು ಕಡಿಮೆ, ಹುಳಿ ಹೆಚ್ಚು. ಡೊಲ್ಚೆತ್ತೊ ಎಂದರೆ ಪುಟ್ಟ ಸಿಹಿ ಎಂದರ್ಥವಾದರೂ ವೈನಿನಲ್ಲಿ ಸಿಹಿಯಿಲ್ಲ. ಹುಳಿ ಕಡಿಮೆ, ಕೊನೆಯಲ್ಲಿ ಬಾದಾಮಿಯ ಸಣ್ಣ ಕಹಿ ಉಳಿಯುತ್ತದೆ. ಡೊಲ್ಚೆತ್ತೊ ಕೊಳ್ಳುವುದಾದರೆ ದೊಲ್ಯಾನಿ ಊರಿನದನ್ನು ನೋಡಿ. ಬೇರೆಡೆ ಒಳ್ಳೆಯ ಇಳಿಜಾರುಗಳೆಲ್ಲ ನೆಬ್ಬಿಯೋಲೊ ಪಾಲಾದರೆ, ಅಲ್ಲಿ ಡೊಲ್ಚೆತ್ತೊಗೇ ಅಗ್ರಸ್ಥಾನ.

ಬಾರ್ಬೆರಾದ ವಿಷಯದಲ್ಲೂ ಇದೇ ತರ್ಕ. ಆಲ್ಬಾದ ಬಾರ್ಬೆರಾ ಮೈದುಂಬಿದ್ದು ಮೆದುವಾಗಿರುತ್ತದೆ. ಆದರೆ ಆಸ್ಟಿಯ ಕಡೆ ಬಾರ್ಬೆರಾ ಎರಡನೆಯ ಮಗುವಲ್ಲ, ಮನೆಯ ಹಿರಿಯದು. 1982ರಲ್ಲಿ ರೊಕ್ಕೆತ್ತಾ ತನಾರೊದ ಜಾಕೊಮೊ ಬೊಲೊನ್ಯಾ ಅವರು ಬಾರ್ಬೆರಾವನ್ನು ಸಣ್ಣ ಓಕ್ ಪೀಪಾಯಿಯಲ್ಲಿ ಮಾಗಿಸಿ, ಬಡವರ ವೈನೆಂದು ಕಡೆಗಣಿಸಲಾಗಿದ್ದ ತಳಿಗೆ ಗೌರವ ತಂದುಕೊಟ್ಟರು. 2014ರಲ್ಲಿ ನಿತ್ಸಾ ಪಟ್ಟಣದ ಸುತ್ತಲಿನ ಹದಿನೆಂಟು ಊರುಗಳಿಗೆ ಪ್ರತ್ಯೇಕ ಡಿಒಸಿಜಿ ದೊರೆಯಿತು: ಪೂರ್ತಿ ಬಾರ್ಬೆರಾ, ಕನಿಷ್ಠ 18 ತಿಂಗಳ ಮಾಗುವಿಕೆ. ಸಣ್ಣ ಓಕ್ ಬಗ್ಗೆ ನಾನು ಮೇಲೆ ಹೇಳಿದ ಮಾತು ಬಾರ್ಬೆರಾಗೆ ಅನ್ವಯಿಸುವುದಿಲ್ಲ. ಒಗರು ಕಡಿಮೆಯಿರುವ ತಳಿಗೆ ಮರದಿಂದ ಒಂದಿಷ್ಟು ಒಗರು ಬರುವುದು ಒಳ್ಳೆಯದೇ.

ನಮ್ಮ ಅಡುಗೆಯೊಂದಿಗೆ ಕುಡಿಯುವ ಉದ್ದೇಶವಿದ್ದವರು ಇದನ್ನು ಗಮನಿಸಬೇಕು. ಮೆಣಸಿನಕಾಯಿಯ ಖಾರವು ಬಾಯಲ್ಲಿ ಟ್ಯಾನಿನ್ನಿನ ಒಗರನ್ನೂ ಆಲ್ಕೋಹಾಲಿನ ಉರಿಯನ್ನೂ ಎತ್ತಿ ತೋರಿಸುತ್ತದೆ. ಆದ್ದರಿಂದ ಎಳೆಯ ಬರೋಲೊ ಮತ್ತು ಖಾರದ ಸಾರು ಪರಸ್ಪರ ಹಾಳುಮಾಡುತ್ತವೆ. ಓಕಿಲ್ಲದ ಬಾರ್ಬೆರಾ ಟೊಮೇಟೊ ಹುಳಿಯ ಪಲ್ಯ, ಗೊಜ್ಜುಗಳ ಜೊತೆ ಜಗಳವಾಡುವುದಿಲ್ಲ, ಅದರದೇ ಹುಳಿ ಅದನ್ನು ಕಾಪಾಡುತ್ತದೆ.

ಸಿಹಿ ಮತ್ತು ನೊರೆ

ಮೊಸ್ಕಾತೊ ದ್ರಾಕ್ಷಿಯ ಸಿಹಿ ವೈನಾದ ಮೊಸ್ಕಾತೊ ದಾಸ್ಟಿಯನ್ನು ಲಘುವಾಗಿ ಕಾಣುವವರ ಜೊತೆ ನಾನು ಸೇರುವುದಿಲ್ಲ. ಹುದುಗುತ್ತಿರುವ ರಸವನ್ನು ಮುಚ್ಚಿದ ತೊಟ್ಟಿಯಲ್ಲೇ ತಂಪುಗೊಳಿಸಿ ಅರ್ಧದಲ್ಲಿ ನಿಲ್ಲಿಸುವುದರಿಂದ ಆಲ್ಕೋಹಾಲ್ ಶೇ. 5ರ ಆಸುಪಾಸಿನಲ್ಲೇ ಉಳಿದು, ಹಣ್ಣಿನದೇ ಸಿಹಿ ಮತ್ತು ಸಣ್ಣ ಗುಳ್ಳೆಗಳು ಉಳಿಯುತ್ತವೆ. ಖಾರದ ತಿಂಡಿಗೂ ಮಾವಿನಹಣ್ಣಿಗೂ ಒಪ್ಪುತ್ತದೆ. ಆದರೆ ಇದು ಇಡುವ ವೈನಲ್ಲ, ಒಂದೆರಡು ವರ್ಷದೊಳಗೆ ಮುಗಿಸಬೇಕು. ಆಸ್ಟಿ ಎಂಬ ಹೆಸರಿನದು ಅದೇ ದ್ರಾಕ್ಷಿಯ ಹೆಚ್ಚು ನೊರೆಯ ರೂಪ. ಒಣ ನೊರೆವೈನ್ ಬೇಕಿದ್ದವರಿಗೆ ಪಿನೊ ನೆರೊ ಮತ್ತು ಶಾರ್ದೊನೆ ದ್ರಾಕ್ಷಿಗಳಿಂದ, ಬಾಟಲಿಯಲ್ಲೇ ಎರಡನೆಯ ಬಾರಿ ಹುದುಗಿಸಿ ಮಾಡುವ "ಆಲ್ತಾ ಲಾಂಗಾ" ಇದೆ. ಕನಿಷ್ಠ 30 ತಿಂಗಳು ಮಾಗಿದ ಮೇಲೆಯೇ ಅದು ಹೊರಬರುತ್ತದೆ.

ಎಲ್ಲಿ ಉಳಿಯಬೇಕು

ಮೂರು ದಿನ ಮಾತ್ರ ಇದ್ದವರು ಎಲ್ಲವನ್ನೂ ನೋಡಲು ಹೊರಡಬಾರದು. ಕಾರಿಲ್ಲದವರಿಗೆ ಆಲ್ಬಾ ಪಟ್ಟಣವೇ ಸೂಕ್ತ. ಟುರಿನ್‌ನಿಂದ ರೈಲಿದೆ, ಗುಡ್ಡಗಳಿಗೆ ಬಸ್ಸುಗಳು ವಿರಳ. ನೋಟಕ್ಕಾಗಿ ಬರುವವರು ಲಾ ಮೊರ್ರಾದಲ್ಲಿ ಉಳಿಯಲಿ, ಅಲ್ಲಿನ ಚೌಕದಿಂದ ಇಡೀ ಬರೋಲೊ ಸೀಮೆ ಕಾಲ ಕೆಳಗೆ ಹರಡಿಕೊಳ್ಳುತ್ತದೆ, ಹಿಂದೆ ಆಲ್ಪ್ಸ್ ಪರ್ವತಗಳ ಹಿಮ. ಬರೋಲೊ ಊರಿನ ಕೋಟೆಯಲ್ಲಿ ವೈನ್ ಸಂಗ್ರಹಾಲಯವೂ ಎನೊತೆಕಾ ಎಂಬ ಪ್ರಾಂತೀಯ ವೈನ್ ಮಳಿಗೆಯೂ ಇವೆ. ಅನೇಕ ಬೆಳೆಗಾರರ ಬಾಟಲಿಗಳನ್ನು ಒಂದೇ ಕಡೆ ಸವಿದು ಹೋಲಿಸಲು ಇಂಥ ಎನೊತೆಕಾಗಳೇ ಉತ್ತಮ. ಬಾರ್ಬರೆಸ್ಕೊದ ಎನೊತೆಕಾ ಹಳೆಯ ಸಾನ್ ದೊನಾತೊ ಚರ್ಚಿನೊಳಗಿದೆ. ಜನಸಂದಣಿ ಬೇಡವೆಂದವರು ರೊಎರೊಗೆ ಹೋಗಲಿ. ನೆಲದಡಿಯ ಜಗತ್ತನ್ನು ನೋಡಬೇಕೆನ್ನುವವರಿಗೆ ಕನೆಲ್ಲಿಯ ಬೀದಿಗಳ ಕೆಳಗೆ ಸುಣ್ಣಮಣ್ಣಿನಲ್ಲಿ ಕೊರೆದ, ದೇವಾಲಯದಂತೆ ಕಮಾನು ಕಟ್ಟಿದ ನೆಲಮಾಳಿಗೆಗಳೂ, ಮೊನ್‌ಫೆರ್ರಾತೊದ ರೈತರು ಮನೆಯ ಕೆಳಗಿನ ಮೆದುಗಲ್ಲಿನಲ್ಲಿ ಕೈಯಿಂದಲೇ ಕೆತ್ತಿಕೊಂಡ "ಇನ್‌ಫೆರ್ನೊತ್" ಎಂಬ ಪುಟ್ಟ ಕೋಣೆಗಳೂ ಇವೆ.

ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳು ಅತ್ಯಂತ ಸುಂದರ. ಬಿಳಿ ಟ್ರಫಲ್ ಎಂಬ ನೆಲದಡಿಯ ಅಣಬೆಯ ಮೇಳದಿಂದಾಗಿ ಅತ್ಯಂತ ದುಬಾರಿಯೂ ಹೌದು. ಮೇ ಮತ್ತು ಜೂನ್ ತಿಂಗಳುಗಳಲ್ಲಿ ಬೆಳೆಗಾರರಿಗೆ ಮಾತನಾಡಲು ಹೆಚ್ಚು ಬಿಡುವಿರುತ್ತದೆ. ಭೇಟಿಗೆ ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು. ಚಾಲಕರ ರಕ್ತದಲ್ಲಿ ಪ್ರತಿ ಲೀಟರಿಗೆ 0.5 ಗ್ರಾಂ ಮದ್ಯಾಂಶವೇ ಮಿತಿ. ವೈನ್ ಸವಿದು ಉಗುಳುವುದನ್ನು ಅಲ್ಲಿ ಯಾರೂ ಅಗೌರವವೆಂದು ತಿಳಿಯುವುದಿಲ್ಲ, ಅದಕ್ಕಾಗಿಯೇ ಪಾತ್ರೆ ಇಟ್ಟಿರುತ್ತಾರೆ. ಸಸ್ಯಾಹಾರಿಗಳು ಬಾನ್ಯಾ ಕೌದಾ ಎಂಬ ತರಕಾರಿ ಅದ್ದುವ ಬಿಸಿ ಗೊಜ್ಜಿನಲ್ಲಿ ಮೀನು ಇರುತ್ತದೆಂಬುದನ್ನು ಮರೆಯಬಾರದು. ಕಸ್ತೆಲ್‌ಮಾನ್ಯೊ ಚೀಸ್ ಹಾಕಿದ ಆಲೂಗಡ್ಡೆ ನ್ಯೊಕ್ಕಿ ಮತ್ತು ಒಂದು ಲೋಟ ನೆಬ್ಬಿಯೋಲೊ ಅವರಿಗೆ ಸಾಕಷ್ಟು ಸಂತೋಷ ಕೊಡುತ್ತದೆ.

ಬಾಟಲಿ ಕೈಗೆತ್ತಿಕೊಂಡಾಗ

ಕತ್ತಿನ ಮೇಲೆ ಡಿಒಸಿಜಿ ಎಂಬ ಮುದ್ರಿತ ಪಟ್ಟಿ ಇದೆಯೇ ನೋಡಿ. "ಇಂಬೊತ್ತಿಲ್ಯಾತೊ ಆಲ್‌ಒರೀಜಿನೆ" ಎಂದಿದ್ದರೆ ದ್ರಾಕ್ಷಿ ಬೆಳೆದವರೇ ಬಾಟಲಿಗೆ ತುಂಬಿದ್ದಾರೆಂದು ಅರ್ಥ. ಒಂದೇ ಬೆಲೆಯಲ್ಲಿ ಅದಕ್ಕೆ ಆದ್ಯತೆ ಕೊಡಬಹುದು. ಬಾಟಲಿಯ ಭುಜದ ಮೇಲೆ ಬೆರಳಾಡಿಸಿದರೆ ಅನೇಕ ಬಾಟಲಿಗಳಲ್ಲಿ "ಆಲ್ಬೆಯ್ಸಾ" ಎಂಬ ಉಬ್ಬಕ್ಷರ ಸಿಗುತ್ತದೆ. ಅದು ಆಲ್ಬಾ ಸೀಮೆಯ ಹಳೆಯ ಬಾಟಲಿಯ ಆಕಾರದ ಹೆಸರು, ಗುಣಮಟ್ಟದ ಮುದ್ರೆಯಲ್ಲ.

ಇನ್ನು ಆ ಎರಡು ಬಾಟಲಿಗಳು. ಬೆಂಗಳೂರಿನ ಮನೆಯ ಕಪಾಟಿನಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಕಲಬುರಗಿ ಅಥವಾ ಮಂಗಳೂರಿನ ಮನೆಯಲ್ಲಿಯೂ, ಬೇಸಿಗೆಯ ಬಿಸಿ ವೈನನ್ನು ಬೇಗ ಮುದಿಯಾಗಿಸುತ್ತದೆ. 12ರಿಂದ 15 ಡಿಗ್ರಿಯಲ್ಲಿ ಇಡುವ ವೈನ್ ಪೆಟ್ಟಿಗೆ ಇಲ್ಲದಿದ್ದರೆ ಹತ್ತು ವರ್ಷ ಕಾಯುವ ಬರೋಲೊ ತರುವುದರಲ್ಲಿ ಅರ್ಥವಿಲ್ಲ; ಒಂದು ಬಾರ್ಬರೆಸ್ಕೊ ಮತ್ತು ಒಂದು ನಿತ್ಸಾ ತಂದು, ಮಾಮೂಲಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಮಲಗಿಸಿಟ್ಟು, ವರ್ಷದೊಳಗೆ ತೆರೆಯಿರಿ. ಫ್ರಿಜ್ಜಿನ ಚಳಿ ವರ್ಷಾನುಗಟ್ಟಲೆಗೆ ತಕ್ಕುದಲ್ಲವಾದರೂ ಕೆಲವು ತಿಂಗಳಿಗೆ ಬಿಸಿ ಕಪಾಟಿಗಿಂತ ಎಷ್ಟೋ ಮೇಲು. ಪೆಟ್ಟಿಗೆ ಇದ್ದವರು ಒಂದು ಸೆರ್ರಾಲುಂಗಾ ಮತ್ತು ಒಂದು ಲಾಂಗೆ ನೆಬ್ಬಿಯೋಲೊ ತರಲಿ, ಮೊದಲನೆಯದನ್ನು ಕಾಯುತ್ತಾ ಎರಡನೆಯದನ್ನು ಕುಡಿಯಬಹುದು. ತೆರೆಯುವ ದಿನ ಬಾಟಲಿಯನ್ನು ಬೆಳಗ್ಗೆಯೇ ನೆಟ್ಟಗೆ ನಿಲ್ಲಿಸಿ, ಗಸಿ ಕೆಳಗಿಳಿಯಲಿ. ಎಳೆಯ ನೆಬ್ಬಿಯೋಲೊ ಆದರೆ ಊಟಕ್ಕೆ ಎರಡು ಗಂಟೆ ಮೊದಲು ಅಗಲ ಬಾಯಿಯ ಗಾಜಿನ ಪಾತ್ರೆಗೆ ಬಗ್ಗಿಸಿ, 16ರಿಂದ 18 ಡಿಗ್ರಿಯಲ್ಲಿ ಬಡಿಸಿ. ಅಷ್ಟು ತಂಪು ನಮ್ಮ ಕೋಣೆಗಳಲ್ಲಿ ಇರುವುದಿಲ್ಲವಾದ್ದರಿಂದ ಪಾತ್ರೆಯನ್ನು ಬಡಿಸುವ ಮುನ್ನ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ.